ಕಡಿಮೆ ದುಡ್ಡಿಗೆ ಚೆನ್ನಾಗಿ ಹಾಡುವ ಶಾಸ್ತ್ರೀಯ ಎಲ್‌ಪಿ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರೆಗೆ ಶಾಸ್ತ್ರೀಯ ಸಂಗೀತ ಕೇಳುವ ಮನೆಗಳಿಗೇನೂ ಕೊರತೆ ಇಲ್ಲ. ಅಟ್ಟದಿಂದ ಹಳೇ ಎಲ್‌ಪಿ, ಅಂದರೆ ದೊಡ್ಡ ಕಪ್ಪು ವಿನೈಲ್ ರೆಕಾರ್ಡು, ಇಳಿಸಿದವರು, ಹೊಸದಾಗಿ ಪ್ಲೇಯರ್ ಕೊಂಡವರು ಕುಮಟಾದಲ್ಲಿರುವ ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಉತ್ತರದಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ. ಒಪ್ಪದಿದ್ದರೆ ಬಿಡಿ.

ಶಾಸ್ತ್ರೀಯ ರೆಕಾರ್ಡು ಅಗ್ಗ ಅಂತೀರಿ. ಹೊಸ ಎಲ್‌ಪಿಗೆ ಎರಡು ಸಾವಿರದ ಮೇಲೇ ಇದೆಯಲ್ಲ?

ಅದು ಈಗ ಮತ್ತೆ ಅಚ್ಚಾಗಿ ಬರುತ್ತಿರುವ ಹೊಸ ಎಲ್‌ಪಿಯ ಬೆಲೆ. ನಾನು ಹೇಳುವುದು 1960, 70, 80ರ ದಶಕಗಳಲ್ಲಿ ನಮ್ಮ ದೇಶದಲ್ಲೇ ಅಚ್ಚಾದ ಹಳೇ ಮಾಲಿನ ಮಾತು. ಹಳೇ ರೆಕಾರ್ಡಿನ ವ್ಯಾಪಾರ ನಿಂತಿರುವುದೇ ಸಿನಿಮಾ ಹಾಡಿನ ಮೇಲೆ. ಆರ್.ಡಿ. ಬರ್ಮನ್ ಹೆಸರಿದ್ದರೆ ಅಂಗಡಿಯವನು ಪ್ಲಾಸ್ಟಿಕ್ ಕವರ್ ಹಾಕಿ ಕಣ್ಣಿಗೆ ಬೀಳುವ ಹಾಗೆ ಇಡುತ್ತಾನೆ. ತೋಡಿ, ಮಾರ್ವಾದಂಥ ರಾಗಗಳೆಲ್ಲ ನೆಲದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ. ಬಗ್ಗಿ ಹುಡುಕುವವರಿಗೆ ಅದೇ ಲಾಭ.

ನನ್ನ ಲೆಕ್ಕ ಇಷ್ಟೇ: ಒಂದು ಎಲ್‌ಪಿಗೆ 300 ರೂಪಾಯಿ. ತುಂಬಾ ಬೇಕಾದ ಗಾಯಕರು, ತಟ್ಟೆಯೂ (ರೆಕಾರ್ಡು) ಸ್ವಚ್ಛ ಇದೆ ಅಂದರೆ 500. ಅದಕ್ಕಿಂತ ಜಾಸ್ತಿ ಕೇಳಿದರೆ ನಮಸ್ಕಾರ ಹೇಳಿ ಬರುವುದು.

ಇನ್ನೊಂದು ವಿಷಯ. ಬೆಲೆಗೂ ದನಿಗೂ ಸಂಬಂಧ ಕಡಿಮೆ. ಬೆಲೆ ಏರುವುದು ಸರಕು ಅಪರೂಪ ಅಂತ. ದನಿ ಹೇಗಿರುತ್ತದೆ ಅನ್ನುವುದು ಆ ತಟ್ಟೆ ಮೊದಲು ಯಾವ ಮನೆಯ ಯಾವ ಪ್ಲೇಯರಿನಲ್ಲಿ ತಿರುಗಿತ್ತು ಅನ್ನುವುದರ ಮೇಲೆ ನಿಂತಿದೆ. ಕೆಳಗಿನ ಅರ್ಧ ಉತ್ತರಗಳು ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ನಮ್ಮ ಕಡೆ ಎಲ್ಲಿ ಸಿಗುತ್ತದೆ?

ರೆಕಾರ್ಡಿನದೇ ಅಂಗಡಿ ಹುಡುಕಿಕೊಂಡು ಕೂರಬೇಡಿ. ಗುಜರಿ ಅಂಗಡಿ, ರದ್ದಿ ಅಂಗಡಿ, ಹಳೇ ಪೀಠೋಪಕರಣ ಮಾರುವವರು, ಇವರಿಗೆಲ್ಲ ನಂಬರ್ ಕೊಟ್ಟಿಡಿ. ಹಳೇ ಮನೆ ಕೆಡವುವಾಗ ಮರಮುಟ್ಟಿನ ಜೊತೆ ರೇಡಿಯೋಗ್ರಾಮ್ (ರೇಡಿಯೋ, ಪ್ಲೇಯರ್ ಎರಡೂ ಇರುವ ಪೆಟ್ಟಿಗೆ) ಬರುತ್ತದೆ, ಅದರ ಹೊಟ್ಟೆಯಲ್ಲಿ ರೆಕಾರ್ಡು ಇರುತ್ತವೆ. ಅಂಕೋಲಾ, ಕುಮಟಾ, ಹೊನ್ನಾವರದಿಂದ ಮುಂಬೈಗೆ ನೌಕರಿಗೆ ಹೋಗಿ ನಿವೃತ್ತರಾಗಿ ಊರಿಗೆ ಬಂದವರ ಮನೆಗಳಲ್ಲಿ ಒಳ್ಳೊಳ್ಳೆಯ ಸಂಗ್ರಹ ಇರುತ್ತದೆ. ಅವರು ಅಲ್ಲಿ ಸಂಗೀತ ಕಚೇರಿ ಕೇಳಿದವರು, ಪ್ಲೇಯರ್ ಕೂಡ ನೋಡಿ ಆರಿಸಿ ತಂದವರು. ಆದರೆ ಹಿರಿಯರು ತೀರಿಕೊಂಡ ಮನೆಗೆ ಹದಿಮೂರು ದಿನ ಮುಗಿಯುವ ಮೊದಲೇ ರೆಕಾರ್ಡು ಕೇಳಿಕೊಂಡು ಹೋಗುವವರಿದ್ದಾರೆ. ದಯವಿಟ್ಟು ಅದು ಬೇಡ.

ಕಾರವಾರದವರಿಗೆ ಗೋವಾ ಪಕ್ಕದಲ್ಲೇ ಇದೆ. ರೈಲು ಹತ್ತಿದರೆ ಮಡಗಾಂವ್. ಮಾಪುಸಾದ ಶುಕ್ರವಾರದ ಸಂತೆಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಹಳೇ ಕ್ರಿಶ್ಚಿಯನ್ ಮನೆಗಳಿಂದ ಬರುವ ಪಾಶ್ಚಾತ್ಯ ಶಾಸ್ತ್ರೀಯ ರೆಕಾರ್ಡು ನಮ್ಮ ಕಡೆ ನೋಡಲಿಕ್ಕೂ ಸಿಗುವುದಿಲ್ಲ. ಮುಂಬೈನ ಚೋರ್ ಬಜಾರ್‌ನಲ್ಲಿ ಮಾಲು ಬೇಕಾದಷ್ಟಿದೆ. ಆದರೆ ಅಲ್ಲಿಯವರಿಗೆ ಬೆಲೆ ಚೆನ್ನಾಗಿ ಗೊತ್ತು.

ಅಂಗಡಿಯಲ್ಲಿ ಪ್ಲೇಯರ್ ಇರುವುದಿಲ್ಲ. ನೋಡಿಯೇ ಆರಿಸುವುದು ಹೇಗೆ?

ಬಿಸಿಲಿಗೆ ಬನ್ನಿ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ರೆಕಾರ್ಡೂ ಹೊಸದೇ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಓರೆ ಮಾಡಿ, ಬೆಳಕು ಗೆರೆಗಳ ಮೇಲೆ ಜಾರುವ ಹಾಗೆ ತಿರುಗಿಸಿ. ಚೆನ್ನಾಗಿರುವ ತಟ್ಟೆ ಕಪ್ಪಗೆ ಮಿನುಗುತ್ತದೆ. ಸವೆದದ್ದು ಬೂದು ಬಣ್ಣಕ್ಕೆ ತಿರುಗಿ ಮಂಕಾಗಿರುತ್ತದೆ. ಆ ಬೂದು ತೊಳೆದರೆ ಹೋಗುವುದಿಲ್ಲ, ಗೆರೆಯ ಗೋಡೆಯನ್ನೇ ಪ್ಲೇಯರಿನ ಭಾರದ ಮುಳ್ಳು ಕೆರೆದು ಹಾಕಿದೆ ಅಂತ ಅರ್ಥ.

ಮೊದಲು ನೋಡಬೇಕಾದ ಜಾಗ ಲೇಬಲ್ಲಿನ ಪಕ್ಕದ ಎರಡು ಬೆರಳು ಅಗಲ. ಹೊರಗಿನ ಗೆರೆ ಎಷ್ಟೇ ಚೆನ್ನಾಗಿರಲಿ, ಒಳಗಿನದು ಮಂಕಾಗಿದ್ದರೆ ಕೆಳಗಿಡಿ. ಕಾರಣ ಮುಂದಿನ ಪ್ರಶ್ನೆಯಲ್ಲಿದೆ.

ಆಮೇಲೆ ಲೇಬಲ್ಲಿನ ನಡುವಿನ ತೂತು. ಕಣ್ಣು ಮುಚ್ಚಿ ತಟ್ಟೆ ಇಡುವವರ ಮನೆಯಲ್ಲಿ ಪ್ಲೇಯರಿನ ಕಡ್ಡಿ ತೂತು ಹುಡುಕುತ್ತಾ ಲೇಬಲ್ ಮೇಲೆ ಸಣ್ಣ ಸಣ್ಣ ಗೀರು ಬಿಡುತ್ತದೆ. ಗೀರು ಜಾಸ್ತಿ ಇದ್ದರೆ ರೆಕಾರ್ಡು ಜಾಸ್ತಿ ಓಡಿದೆ. ತಟ್ಟೆ ಹೊಳೆಯುತ್ತಿದ್ದು ಲೇಬಲ್ ತುಂಬಾ ಗೀರಿದ್ದರೆ ಯಾರೋ ಎಣ್ಣೆಯೋ ಪಾಲಿಶ್ಶೋ ಒರೆಸಿದ್ದಾರೆ ಅಂತ ಅನುಮಾನ ಪಡಿ.

ಗೆರೆಗೆ ಅಡ್ಡ ಬಿದ್ದ ಗೀರು ಉಗುರಿಗೆ ತಾಗಿದರೆ ಸುತ್ತಿಗೊಂದು ಸಲ ಟಕ್ ಅನ್ನುವುದು ಖಾತ್ರಿ. ಕೂದಲೆಳೆಯಂಥ ಮೇಲ್ಮೇಲಿನ ಗೀರಿಗೆ ಹೆದರಬೇಕಾಗಿಲ್ಲ. ಅದು ನೋಡಲಿಕ್ಕಷ್ಟೇ ಕೆಟ್ಟದ್ದು. ಕೊನೆಗೆ ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿ. ಹಪ್ಪಳದ ಹಾಗೆ ಸೊಟ್ಟಗಾಗಿದ್ದರೆ ಬೇಡ. ಅಲ್ಪಸ್ವಲ್ಪ ಬಾಗಿದ್ದರೆ ಪರವಾಗಿಲ್ಲ, ಮುಳ್ಳು ಹೊಂದಿಕೊಂಡು ಹೋಗುತ್ತದೆ.

ವಿಲಂಬಿತ್ (ನಿಧಾನದ ಭಾಗ) ಚೆನ್ನಾಗಿ ಕೇಳುತ್ತದೆ, ದ್ರುತ್ (ವೇಗದ ಭಾಗ) ಬರುವಷ್ಟರಲ್ಲಿ ದನಿ ಒಡೆಯುತ್ತದೆ. ಯಾಕೆ?

ಇದು ನಮ್ಮ ಸಂಗೀತಕ್ಕೆ ಎಲ್‌ಪಿ ಇಟ್ಟ ಪೇಚು. ತಟ್ಟೆ ನಿಮಿಷಕ್ಕೆ 33⅓ ಸುತ್ತು, ಅಂದರೆ 1.8 ಸೆಕೆಂಡಿಗೆ ಒಂದು ಸುತ್ತು. ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು, ಸಮಯ ಮಾತ್ರ ಅಷ್ಟೇ. ಹಾಗಾಗಿ ಶುರುವಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದು ಹೋದರೆ, ಕೊನೆಯಲ್ಲಿ 20 ಸೆಂಟಿಮೀಟರಿನಷ್ಟೇ. ಅಷ್ಟೇ ನಾದವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿ ಬರೆಯಬೇಕು. ಗೆರೆಯ ತಿರುವುಗಳು ಬಿಗಿಯಾಗುತ್ತವೆ, ದಪ್ಪ ಮುಳ್ಳು ಅಲ್ಲಿ ತಡವರಿಸುತ್ತದೆ, ಕೆರೆಯುತ್ತದೆ.

ಈಗ ನಮ್ಮ ಕಚೇರಿಯ ಕ್ರಮ ನೆನಪಿಸಿಕೊಳ್ಳಿ. ಆಲಾಪ, ವಿಲಂಬಿತ್ ಮೊದಲು. ದ್ರುತ್, ತಾನ್ (ವೇಗದ ಸ್ವರಗಳ ಓಟ), ಸಿತಾರ್ ಆದರೆ ಝಾಲಾ (ತಂತಿಯ ವೇಗದ ಮೀಟು), ಎಲ್ಲ ಕೊನೆಗೆ. ನಿಧಾನದ ಸಂಗೀತಕ್ಕೆ ವಿಶಾಲ ಜಾಗ, ಅಬ್ಬರದ ಸಂಗೀತಕ್ಕೆ ಇಕ್ಕಟ್ಟು! ಭೀಮಸೇನ ಜೋಶಿಯವರ ತಾನ್ ಅತಿ ಕಷ್ಟದ ಗೆರೆಯಲ್ಲಿ ಬರುತ್ತದೆ. ಒಳಗಿನ ಎರಡು ಬೆರಳು ನೋಡಿ ಅಂದದ್ದು ಇದಕ್ಕೇ. ಅಲ್ಲಿ ಸವೆಯದ ರೆಕಾರ್ಡು ಸಿಕ್ಕರೆ ಕವರ್ ಹರಿದಿದ್ದರೂ ಬಿಡಬೇಡಿ.

ಸರಿಯಾಗಿ ಕೂರಿಸಿದ ಎಲಿಪ್ಟಿಕಲ್ (ಮೊಟ್ಟೆಯಾಕಾರದ ತುದಿಯ) ಮುಳ್ಳು ಇಲ್ಲಿ ಉಪಕಾರಕ್ಕೆ ಬರುತ್ತದೆ, ಅದರ ಬದಿ ತೆಳ್ಳಗೆ. ಸವೆದು ಹೋದ ಗೆರೆಯನ್ನು ಅದೂ ಉಳಿಸುವುದಿಲ್ಲ.

ಯಾವ ಕಂಪನಿಯ ರೆಕಾರ್ಡು ಒಳ್ಳೆಯದು? ನಂಬರ್ ನೋಡಿ ಏನು ತಿಳಿಯುತ್ತದೆ?

ಹಳೇ ಶಾಸ್ತ್ರೀಯ ಎಲ್‌ಪಿಯಲ್ಲಿ ದೊಡ್ಡ ಪಾಲು ಗ್ರಾಮಾಫೋನ್ ಕಂಪನಿ ಆಫ್ ಇಂಡಿಯಾದ್ದು. ಎಚ್‌ಎಂವಿಯ ನಾಯಿ, ಕೊಲಂಬಿಯಾ, ಓಡಿಯಾನ್, ಮೂರೂ ಆ ಮನೆಯವೇ. ಅಚ್ಚಾದದ್ದು ಕಲ್ಕತ್ತಾದ ದಮ್ ದಮ್‌ನಲ್ಲಿ. ನಂತರ ಪಾಲಿಡೋರ್ ಬಂತು, ಅದೇ ಮುಂದೆ ಮ್ಯೂಸಿಕ್ ಇಂಡಿಯಾ.

ಎಚ್‌ಎಂವಿ ನಂಬರಿನಲ್ಲಿ ಇಎಎಲ್‌ಪಿ, ಇಸಿಎಲ್‌ಪಿ ಅಂತ ಇದ್ದರೆ ಮೋನೋ (ಒಂದೇ ಚಾನೆಲ್). ಇಎಎಸ್‌ಡಿ, ಇಸಿಎಸ್‌ಡಿ ಅಂದರೆ ಸ್ಟೀರಿಯೋ (ಎಡ, ಬಲ ಎರಡು ಚಾನೆಲ್). ಸ್ಟೀರಿಯೋ ಅಂದ ಕೂಡಲೇ ಮೇಲು ಅಂದುಕೊಳ್ಳಬೇಡಿ. ಒಬ್ಬ ಗಾಯಕ, ತಬಲಾ, ಹಾರ್ಮೋನಿಯಂ, ತಂಬೂರಿ, ಇಷ್ಟಕ್ಕೆ ಮೋನೋ ಧಾರಾಳ ಸಾಕು. 60ರ ದಶಕದ ದಪ್ಪ ಮೋನೋ ತಟ್ಟೆಗಳ ಗಂಟಲು ನನಗೆ ಆಮೇಲಿನ ಎಷ್ಟೋ ಸ್ಟೀರಿಯೋಗಿಂತ ಹತ್ತಿರ. ಮೋನೋ ಧ್ವನಿಮುದ್ರಣವನ್ನೇ ಆಮೇಲೆ ಕೃತಕವಾಗಿ ಸ್ಟೀರಿಯೋ ಮಾಡಿದ್ದಂತೂ ಮುಟ್ಟಬೇಡಿ. ಬಾವಿಯೊಳಗಿಂದ ಹಾಡಿದ ಹಾಗಿರುತ್ತದೆ.

ಕವರ್ ಹಿಂದೆ ಸಮಯ ಹಾಕಿದ್ದರೆ ಓದಿ. ಒಂದು ಮುಖ 20ರಿಂದ 23 ನಿಮಿಷ ಇದ್ದರೆ ಆರಾಮ. 28 ದಾಟಿದರೆ ಗೆರೆ ಒತ್ತೊತ್ತಾಗಿ, ದನಿ ಸಣ್ಣಗಾಗಿ, ಕರಕರ ಎದ್ದು ಕೇಳುತ್ತದೆ.

ಜಾಸ್ತಿ ಹುಡುಕದೆ ಸಿಗಬೇಕು ಅಂದರೆ ಮೊದಲು ಯಾರ ರೆಕಾರ್ಡು ಕೊಳ್ಳಲಿ?

ಜಾಸ್ತಿ ಮಾರಾಟವಾದದ್ದನ್ನು ಮೊದಲು ಕೊಳ್ಳಿ, ಅದೇ ಅಗ್ಗ. 1967ರ ‘ಕಾಲ್ ಆಫ್ ದ ವ್ಯಾಲಿ’, ಅಂದರೆ ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ್ ಕಾಬ್ರಾ ಸೇರಿ ನುಡಿಸಿದ್ದು, ಎಲ್ಲ ಪೆಟ್ಟಿಗೆಯಲ್ಲೂ ಒಂದಾದರೂ ಇರುತ್ತದೆ. ಸುಮ್ನೆ ಮೂಗು ಮುರಿಯಬೇಡಿ, ಧ್ವನಿಮುದ್ರಣ ಬಹಳ ಚೆನ್ನಾಗಿದೆ. ಒಂದು ಸವೆದಿದ್ದರೆ ಇನ್ನೊಂದಕ್ಕೆ ಕಾಯಿರಿ. ರವಿಶಂಕರ್, ಬಿಸ್ಮಿಲ್ಲಾ ಖಾನ್, ವಿಲಾಯತ್ ಖಾನ್ ಕೂಡ ಹಾಗೆಯೇ ಸಿಗುತ್ತಾರೆ.

ಆಮೇಲೆ ನಮ್ಮ ಕಡೆಯವರು. ಭೀಮಸೇನ ಜೋಶಿ ಸುಲಭ. ಹನ್ನೊಂದರ ಹುಡುಗ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಕಥೆ ನಿಮಗೂ ಗೊತ್ತಲ್ಲ. ಆ ಖಾನ್ ಸಾಹೇಬರ 78ರ (ನಿಮಿಷಕ್ಕೆ 78 ಸುತ್ತಿನ ಹಳೇ ರೆಕಾರ್ಡಿನ) ಹಾಡುಗಳು ಎಲ್‌ಪಿಗೂ ಬಂದಿವೆ. ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಮಲ್ಲಿಕಾರ್ಜುನ ಮನ್ಸೂರ, ಕುಮಾರ ಗಂಧರ್ವ, ಇವರಿಗೆ ತಾಳ್ಮೆ ಬೇಕು. ಮನ್ಸೂರರ ಎಲ್‌ಪಿ ಧಾರವಾಡ, ಹುಬ್ಬಳ್ಳಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಹೋಗಬೇಡಿ. ಅಲ್ಲಿ ಎಲ್ಲರೂ ಅದನ್ನೇ ಹುಡುಕುತ್ತಿರುತ್ತಾರೆ. ಅದು ಗೊತ್ತಿಲ್ಲದ ಊರಲ್ಲಿ ಹುಡುಕಿ.

ಅಮೀರ್ ಖಾನರ ಮಾರ್ವಾ ಮತ್ತು ದರ್ಬಾರಿ, 1960ರದ್ದು, ಒಂದೊಂದು ಮುಖಕ್ಕೆ ಒಂದೊಂದು ರಾಗ. ಆ ನಿಧಾನಕ್ಕೆ ಎಲ್‌ಪಿ ಹೇಳಿ ಮಾಡಿಸಿದ್ದು. ಇದೊಂದಕ್ಕೆ ನನ್ನ 500ರ ಗೆರೆ ದಾಟಿದರೂ ತಪ್ಪೇನಿಲ್ಲ. ಕಿಶೋರಿ ಆಮೋಣಕರ್ ಅವರ ಭೂಪ ಕೂಡ ಆ ಸಾಲಿನದ್ದೇ. ಅವರ ತಾಯಿ ಮೊಗೂಬಾಯಿ ಕುರ್ಡೀಕರ್ ಗೋವಾದ ಕುರ್ಡಿಯವರು, ಕಾರವಾರದಿಂದ ದೂರ ಏನಲ್ಲ.

ಕರ್ನಾಟಕ ಸಂಗೀತ ಬೇಕಾದರೆ ಎಂ.ಎಸ್. ಸುಬ್ಬುಲಕ್ಷ್ಮಿ. ಆದರೆ ಅವರ ವೆಂಕಟೇಶ ಸುಪ್ರಭಾತ ಸವೆಯದೆ ಸಿಗುವುದು ಕಷ್ಟ. ದಿನಾ ಬೆಳಿಗ್ಗೆ ಓಡಿದ ತಟ್ಟೆ ಅದು. ನೋಡಿದರೆ ಗೊತ್ತಾಗುತ್ತದೆ: ಅಂಚಿಗೆ ದೀಪದ ಎಣ್ಣೆ ಕೈಯ ಹೆಬ್ಬೆಟ್ಟಿನ ಗುರುತು, ಲೇಬಲ್ಲಿನ ಮೇಲೆ ಚೂರು ಕುಂಕುಮ, ಒಂದು ಮುಖ ಬೂದು, ಇನ್ನೊಂದು ಮುಖ ಹೊಚ್ಚ ಹೊಸದು. ಅಂಥ ಮನೆಯಿಂದ ಬಂದ ಪೆಟ್ಟಿಗೆಯಲ್ಲಿ ಬೇರೆ ರೆಕಾರ್ಡುಗಳನ್ನು ಗಮನಿಸಿ. ಅವನ್ನು ಯಾರೂ ಮುಟ್ಟಿರುವುದಿಲ್ಲ.

ಪ್ಲೇಯರ್ ಯಾವುದು ಕೊಳ್ಳಲಿ? ಸೂಟ್‌ಕೇಸ್ ತರಹದ್ದು ನೋಡಲಿಕ್ಕೆ ಚೆಂದ ಇದೆ.

ನೋಡಲಿಕ್ಕಷ್ಟೇ. ಅದರ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳು ಕೂರುವ ಭಾಗ) ಸಾಮಾನ್ಯವಾಗಿ 5 ಗ್ರಾಂ ದಾಟಿ ಒತ್ತುತ್ತದೆ. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ 2 ಗ್ರಾಂ ಸಾಕು. ನಮ್ಮ ಹಿಂದಿನವರ ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರುಗಳೂ ಭಾರದವೇ. ಬೂದು ರೆಕಾರ್ಡುಗಳ ಹಿಂದಿನ ಕಥೆ ಅದೇ.

ಆಡಿಯೋ ಟೆಕ್ನಿಕಾದ ಎಲ್‌ಪಿ60ಎಕ್ಸ್ ಶುರುವಿಗೆ ಸಾಕು. ಮುಳ್ಳು ತಾನೇ ಇಳಿಯುತ್ತದೆ, ತಾನೇ ಏಳುತ್ತದೆ, ಮುಳ್ಳಿನ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಫೋನೋ ಪ್ರೀಆಂಪ್ ಒಳಗೇ ಇದೆ. ಸ್ವಲ್ಪ ಕೈ ಬಿಚ್ಚುವುದಾದರೆ ಮುಳ್ಳಿನ ಭಾರ ಹೊಂದಿಸಲಿಕ್ಕೆ ಬರುವ ಪ್ಲೇಯರ್ ನೋಡಿ, ಅದಕ್ಕೆ ಅದೇ ಕಂಪನಿಯ ಎಲಿಪ್ಟಿಕಲ್ ಮುಳ್ಳಿನ ವಿಎಂ95ಇ ಕಾರ್ಟ್ರಿಜ್ ಹಾಕಿ. ಒಳಗಿನ ಗೆರೆಯಲ್ಲಿ ವ್ಯತ್ಯಾಸ ಕೇಳಿಯೇ ಕೇಳುತ್ತದೆ. ಮುಳ್ಳಿನ ಆಯುಸ್ಸು ಗುಂಡು ತುದಿಯದ್ದಕ್ಕೆ 500 ಗಂಟೆ, ಎಲಿಪ್ಟಿಕಲ್ಲಿಗೆ 300 ಅಂತ ಕಂಪನಿಯೇ ಹೇಳುತ್ತದೆ. ಹಳೇ ಪ್ಲೇಯರ್ ಕೊಂಡರೆ ಹಳೇ ಮುಳ್ಳಿನಲ್ಲಿ ಒಂದು ಮುಖವನ್ನೂ ಹಾಕಬೇಡಿ. ಮೊದಲು ಮುಳ್ಳು ಬದಲಿಸಿ.

ಅಮೆರಿಕದಲ್ಲಿರುವ ಅಣ್ಣ ಹಳೇ ಟರ್ನ್‌ಟೇಬಲ್ ತಂದುಕೊಟ್ಟಿದ್ದಾನೆ. ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ. ಆದರೂ ಎಲ್ಲರೂ ಗಂಟಲು ಕಟ್ಟಿದವರ ಹಾಗೆ ಹಾಡುತ್ತಾರೆ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಅನ್ನುವುದು) ಬದಲಿಸುವುದಿಲ್ಲ. ಅಲ್ಲಿ 60, ನಮ್ಮಲ್ಲಿ 50. ಹಳೇ ಎಸಿ ಸಿಂಕ್ರೋನಸ್ ಮೋಟಾರಿನ ವೇಗ ಹರ್ಟ್ಸಿಗೆ ಕಟ್ಟುಬಿದ್ದಿರುತ್ತದೆ. ಆರರಲ್ಲಿ ಐದು ಪಾಲು ವೇಗ, ಅಂದರೆ ಶ್ರುತಿ ಮೂರು ಸ್ವರಸ್ಥಾನ ಕೆಳಗೆ. ಕೆಲವು ಮಾಡೆಲ್ಲಿಗೆ 50 ಹರ್ಟ್ಸಿನ ಪುಲ್ಲಿ ಸಿಗುತ್ತದೆ. ಡಿಸಿ ಮೋಟಾರಿನದ್ದಾದರೆ ಈ ತೊಂದರೆ ಇಲ್ಲ.

ತಂಬೂರಿಯ ಶ್ರುತಿ ತೂಗಾಡುತ್ತದೆ. ಮೋಟಾರ್ ಹೋಯಿತಾ?

ಎಣಿಸಿ ನೋಡಿ. ಸರಿಯಾಗಿ 1.8 ಸೆಕೆಂಡಿಗೊಮ್ಮೆ ತೂಗಿದರೆ ಮೋಟಾರಿನ ತಪ್ಪಲ್ಲ, ತಟ್ಟೆಯ ತೂತು ನಡುವಿನಲ್ಲಿಲ್ಲ. ಮುಳ್ಳಿನ ಕೈ ಅತ್ತಿಂದಿತ್ತ ಆಡುವುದು ಕಣ್ಣಿಗೇ ಕಾಣುತ್ತದೆ. ತಬಲಾದ ಪೆಟ್ಟಿನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ತಂಬೂರಿ, ಬಾನ್ಸುರಿ, ಪಿಯಾನೋದಲ್ಲಿ ತಲೆ ತಿನ್ನುತ್ತದೆ. ಬೇರೆ ತಟ್ಟೆ ಹುಡುಕುವುದೇ ದಾರಿ.

ಅಜ್ಜನ ಮನೆಯಲ್ಲಿ ದಪ್ಪ, ಭಾರದ, ಬಿದ್ದರೆ ಒಡೆಯುವ ರೆಕಾರ್ಡು ಸಿಕ್ಕಿವೆ. ಎಲ್‌ಪಿ ಪ್ಲೇಯರಿನಲ್ಲಿ ಹಾಕಬಹುದಾ?

ಅವು 78. ಅರಗಿನವು, ವಿನೈಲ್ ಅಲ್ಲ. ಎಲ್‌ಪಿ ಮುಳ್ಳು ಹಾಕಿದರೆ ಅಗಲದ ಗೆರೆಯ ತಳದಲ್ಲಿ ಓಡಾಡುತ್ತದೆ, ಬರೀ ಕರಕರ. ಅದಕ್ಕೆ ದಪ್ಪ ಮುಳ್ಳೇ ಬೇಕು. ವಿಎಂ95 ಕಾರ್ಟ್ರಿಜ್ ಇದ್ದರೆ ಅದರ 78ರ ಮುಳ್ಳು ಬೇರೆಯಾಗಿ ಸಿಗುತ್ತದೆ. ಪ್ಲೇಯರಿನಲ್ಲಿ 78ರ ವೇಗವೂ ಇರಬೇಕು. ಹತ್ತಿಂಚಿನ ಒಂದು ಮುಖ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲೇ ರಾಗ ಕಟ್ಟಿ ಮುಗಿಸಬೇಕಿತ್ತು. ಕಲ್ಕತ್ತಾದಲ್ಲಿ 1902ರಲ್ಲಿ ಹಾಡಿದ ಗೌಹರ್ ಜಾನ್ ಆ ಕಲೆ ಶುರುಮಾಡಿದವರಲ್ಲಿ ಒಬ್ಬರು. ಅವರು ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ. ನೆನಪಿಡಿ: 78ಕ್ಕೆ ಸ್ಪಿರಿಟ್, ಆಲ್ಕೊಹಾಲ್ ಯಾವುದೂ ತಾಗಬಾರದು. ಅರಗು ಕರಗುತ್ತದೆ.

ತೊಳೆಯುವುದು ಹೇಗೆ?

ಡಿಸ್ಟಿಲ್ಡ್ ವಾಟರ್ ತನ್ನಿ. ಬಾವಿ ನೀರು, ಬೋರ್ ನೀರು ಬೇಡ, ಒಣಗಿದ ಮೇಲೆ ಅದರ ಉಪ್ಪು ಗೆರೆಯಲ್ಲೇ ಕೂರುತ್ತದೆ. ಅರ್ಧ ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ. ಬೂಷ್ಟು ಹಿಡಿದ ಎಲ್‌ಪಿಗೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಐಸೋಪ್ರೊಪೈಲ್ ಆಲ್ಕೊಹಾಲ್ ಸೇರಿಸಬಹುದು. ಗಾಯಕ್ಕೆ ಹಚ್ಚುವ ಸ್ಪಿರಿಟ್ ಬೇಡ, ಅದರಲ್ಲಿ ಬೇರೆ ಏನೇನೋ ಸೇರಿರುತ್ತದೆ.

ಮೆತ್ತನೆ ಬ್ರಷ್ಷಿನಲ್ಲಿ ಗೆರೆಯ ದಿಕ್ಕಿನಲ್ಲೇ ಸುತ್ತಿ, ಅಡ್ಡ ಉಜ್ಜಬೇಡಿ. ಲೇಬಲ್ ಒದ್ದೆಯಾಗದ ಹಾಗೆ ನೋಡಿಕೊಳ್ಳಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಇದನ್ನು ಬಿಡಬೇಡಿ, ಸೋಪು ಉಳಿದರೆ ಮೊದಲಿಗಿಂತ ಜಾಸ್ತಿ ಸದ್ದು. ಮೈಕ್ರೋಫೈಬರ್ ಬಟ್ಟೆಯಲ್ಲಿ ನೀರು ಹೀರಿಸಿ, ತಟ್ಟೆ ಜೋಡಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಅಂಗಳದ ಬಿಸಿಲಿಗೆ ಅಡಿಕೆ ಒಣಗಿಸಿ, ರೆಕಾರ್ಡು ಬೇಡ.

ತೊಳೆದ ರೆಕಾರ್ಡು ಹಳೇ ಕಾಗದದ ಒಳಕವರಿಗೆ ಮತ್ತೆ ಹೋದರೆ ತೊಳೆದೂ ಉಪಯೋಗವಿಲ್ಲ. ಬೂಷ್ಟು ಅಲ್ಲೇ ಕೂತಿರುತ್ತದೆ. ಹೊಸ ಒಳಕವರ್ ಹಾಕಿ.

ಮಳೆಗಾಲದಲ್ಲಿ ಏನು ಮಾಡೋದು?

ನಮ್ಮ ಜಿಲ್ಲೆಯಲ್ಲಿ ರೆಕಾರ್ಡಿಗೆ ಮುಳ್ಳಿಗಿಂತ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್. ವಿನೈಲ್‌ಗೆ ನೀರಿನಿಂದ ಏನೂ ಆಗುವುದಿಲ್ಲ. ಬೂಷ್ಟು ಬೆಳೆಯುವುದು ಕಾಗದ, ರಟ್ಟು, ಕೈಬೆವರಿನ ಮೇಲೆ, ಆಮೇಲೆ ಗೆರೆಗೆ ಇಳಿಯುತ್ತದೆ.

ಚಿರೆಕಲ್ಲಿನ ಗೋಡೆ ಮಳೆಗೆ ನೀರು ಕುಡಿದು ಒಳಗೆ ತಂಪು ಬಿಡುತ್ತದೆ. ಕಪಾಟನ್ನು ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳಾದರೂ ಬಿಡಿ. ನೆಲದ ಮೇಲೂ ಬೇಡ, ಒರಲೆ ರಟ್ಟಿನ ಕವರ್ ಹುಡುಕಿಕೊಂಡು ಬರುತ್ತದೆ. ಅಟ್ಟವಂತೂ ಎರಡು ಬಗೆಯಲ್ಲಿ ಕೆಟ್ಟದ್ದು, ಮಳೆಗಾಲದಲ್ಲಿ ಶೀತ, ಏಪ್ರಿಲ್‌ನಲ್ಲಿ ಹೆಂಚಿನ ಕಾವು.

ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಕವರ್ ಬಾಯಿ ಮುಚ್ಚಬೇಡಿ, ತೇವ ಒಳಗೇ ಉಳಿದರೆ ಅದೇ ಬೂಷ್ಟಿನ ತೊಟ್ಟಿಲು. ಮೃಗಶಿರಾ ಮಳೆ ಹಿಡಿಯುವ ಮೊದಲು ಸಿಲಿಕಾ ಜೆಲ್ ಒಣಗಿಸಿ ಕಪಾಟಿನಲ್ಲಿಡಿ, ಬಣ್ಣ ತಿರುಗಿದಾಗ ಮತ್ತೆ ಬಿಸಿ ಮಾಡಿ. ಎಲ್ಲಕ್ಕಿಂತ ಒಳ್ಳೆಯದು ಕೇಳುತ್ತಾ ಇರುವುದು. ವಾರಕ್ಕೊಮ್ಮೆ ಗಾಳಿ ಕಂಡ ರೆಕಾರ್ಡಿಗೆ ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಚೌತಿ ಮುಗಿದು ಬಿಸಿಲು ಬಂದ ಮೇಲೆ ಒಂದು ದಿನ ಎಲ್ಲ ತೆಗೆದು ನೋಡಿ.

ಘಟ್ಟದ ಮೇಲಿನವರೇ, ನಿಮಗೆ ಉಪ್ಪಿನ ಗಾಳಿ ಇಲ್ಲ ಅಷ್ಟೇ. ಶಿರಸಿಯ ಬೂಷ್ಟು ನಮ್ಮದಕ್ಕಿಂತ ಏನೂ ಕಡಿಮೆ ಇಲ್ಲ.

ಮೋನೋ ರೆಕಾರ್ಡಿನಲ್ಲಿ ಕರಕರ ಜಾಸ್ತಿ. ಕಡಿಮೆ ಮಾಡಲಿಕ್ಕೆ ಖರ್ಚಿಲ್ಲದ ಉಪಾಯ ಇದೆಯಾ?

ಇದೆ. ಆಂಪ್ಲಿಫೈಯರಿನಲ್ಲಿ ಮೋನೋ ಸ್ವಿಚ್ ಇದ್ದರೆ ಒತ್ತಿ. ಮೋನೋ ಗೆರೆಯಲ್ಲಿ ಸಂಗೀತ ಇರುವುದು ಅಡ್ಡ ಅಲುಗಾಟದಲ್ಲಿ ಮಾತ್ರ. ಮೇಲೆ ಕೆಳಗೆ ಅಲುಗುವುದೆಲ್ಲ ಧೂಳು, ಸವಕಳಿ. ಎರಡು ಚಾನೆಲ್ ಒಂದು ಮಾಡಿದರೆ ಆ ಮೇಲೆ-ಕೆಳಗಿನದು ಒಂದನ್ನೊಂದು ಅಳಿಸಿಹಾಕುತ್ತದೆ. ಹಾಡು ಹಾಗೇ ಉಳಿಯುತ್ತದೆ. ಹಳೇ ಆಂಪುಗಳಲ್ಲಿ ಈ ಸ್ವಿಚ್ ಇರುತ್ತಿತ್ತು, ಹೊಸದರಲ್ಲಿ ಯಾಕೆ ತೆಗೆದರೋ.

ಗುಂಯ್ ಅನ್ನುತ್ತದೆ.

ಅರ್ಥ್ ವೈರ್ ಆಂಪಿಗೆ ಸಿಕ್ಕಿಸಿದ್ದೀರಾ ನೋಡಿ. ಸಿಕ್ಕಿಸಿಯೂ ಗುಂಯ್ ಅಂದರೆ ಮನೆಯ ಅರ್ಥಿಂಗ್ ನೋಡಿಸಿ, ರೆಕಾರ್ಡಿಗಿಂತ ಅದು ಮುಖ್ಯ.

ಪಾಶ್ಚಾತ್ಯ ಶಾಸ್ತ್ರೀಯ ಕೇಳಬೇಕು ಅಂತ ಆಸೆ. ಅಗ್ಗದಲ್ಲಿ ಯಾವುದು?

ಹಳೇ ಕಮ್ಯುನಿಸ್ಟ್ ದೇಶಗಳ ರೆಕಾರ್ಡು ನೋಡಿ. ರಷ್ಯಾದ ಮೆಲೋಡಿಯಾ, ಜೆಕ್ ದೇಶದ ಸುಪ್ರಾಫೋನ್, ಹಂಗೇರಿಯ ಹಂಗಾರೊಟೋನ್. ಕವರ್ ಸಪ್ಪೆ, ಒಳಗೆ ಓಯ್‌ಸ್ಟ್ರಾಖ್, ರಿಕ್ಟರ್‌ರಂಥ ವಾದಕರು. ಹೆಸರು ರಷ್ಯನ್ ಲಿಪಿಯಲ್ಲಿದೆ ಅಂತಲೇ ಅಂಗಡಿಯವನು ಬೆಲೆ ಇಳಿಸುತ್ತಾನೆ. ಇಂಗ್ಲೆಂಡಿನ ಕ್ಲಾಸಿಕ್ಸ್ ಫಾರ್ ಪ್ಲೆಷರ್ ಕೂಡ ಅಗ್ಗದ ಮಾಲೆಯೇ, ದನಿ ಅಗ್ಗದ್ದಲ್ಲ.

ದೊಡ್ಡ ವಾದ್ಯವೃಂದದ ಸಿಂಫನಿಗಿಂತ ಮೊದಲು ನಾಲ್ಕೇ ವಾದ್ಯದ ಕ್ವಾರ್ಟೆಟ್, ಪಿಯಾನೋ ಸೊನಾಟಾ, ಬಾಖ್‌ನ ಒಂಟಿ ಪಿಟೀಲಿನಿಂದ ಶುರು ಮಾಡಿ. ಬೈಠಕ್ಕಿನಲ್ಲಿ ಕೂತು ಕೇಳಿದ ಕಿವಿಗೆ ಅದು ಬೇಗ ಒಗ್ಗುತ್ತದೆ. ಸಿಂಫನಿಯ ಅಬ್ಬರವೂ ಕೊನೆಗೇ ಬರುವುದು, ಹಾಗಾಗಿ ಇಲ್ಲೂ ಒಳಗಿನ ಎರಡು ಬೆರಳು ನೋಡಿಯೇ ದುಡ್ಡು ಕೊಡಿ.

ಒಂದೇ ರೆಕಾರ್ಡು ಎರಡೆರಡು ಆಗಿವೆ. ದೂರದ ಗೆಳೆಯನಿಗೆ ಕಳಿಸೋದು ಹೇಗೆ?

ತಟ್ಟೆಯನ್ನು ಕವರಿನಿಂದ ಹೊರಗೆ ತೆಗೆದು, ಒಳಕವರಿನ ಸಮೇತ ಕವರಿನ ಪಕ್ಕ ಇಡಿ. ಒಳಗೇ ಬಿಟ್ಟರೆ ದಾರಿಯಲ್ಲಿ ಕುಲುಕಿ ಕವರಿನ ಅಂಚು ಸೀಳುತ್ತದೆ. ಎರಡೂ ಕಡೆ ದಪ್ಪ ರಟ್ಟು, ಮೂಲೆಗೆ ಇನ್ನೊಂದು ಪದರ. ಬಸ್ಸಿನಲ್ಲಿ ಕಳಿಸುವುದಾದರೆ ಎಂಜಿನ್ ಪಕ್ಕ, ಬಿಸಿಲು ಬೀಳುವ ಗಾಜಿನ ಕೆಳಗೆ ಇಡಬೇಡಿ ಅಂತ ಕಂಡಕ್ಟರಿಗೆ ಒಂದು ಮಾತು ಹೇಳಿ. ಕಳಿಸುವ ಮೊದಲು ಎರಡೂ ತಟ್ಟೆಯ ದ್ರುತ್ ಕೇಳಿ ನೋಡಿ, ಚೆನ್ನಾಗಿರುವುದು ನಿಮ್ಮಲ್ಲೇ ಇರಲಿ. ಗೆಳೆಯ ಬಹಳ ಹತ್ತಿರದವನಾದರೆ ಅದು ನಿಮಗೆ ಬಿಟ್ಟದ್ದು.